ಹತ್ತು ಕಡೆ ಬಂದ ಸುದ್ದಿ, ಹೇಳಿದವರು ಎಷ್ಟು ಜನ?

ಕಾಸರಗೋಡಿನ ಕನ್ನಡದ ಮನೆಗೆ ದೊಡ್ಡ ಸುದ್ದಿ ಒಂದೇ ಸಲ ಬರುವುದಿಲ್ಲ. ಬೆಳಗ್ಗೆ ಮಂಗಳೂರು ಆವೃತ್ತಿಯ ಕನ್ನಡ ಪತ್ರಿಕೆಯಲ್ಲಿ ಓದುತ್ತೇವೆ. ಪೇಟೆಗೆ ಹೋದರೆ ಹೋಟೆಲಿನ ಮೇಜಿನ ಮೇಲೆ ಮಲಯಾಳ ಪತ್ರಿಕೆ, ಅದರಲ್ಲೂ ಅದೇ ಸುದ್ದಿ. ಮಧ್ಯಾಹ್ನ ಫೋನಿಗೆ ಇಂಗ್ಲಿಷಿನ ಲಿಂಕು ಬರುತ್ತದೆ. ಸಂಜೆ ಟಿವಿ. ರಾತ್ರಿ ದುಬೈಯಲ್ಲಿರುವ ಮಗನೋ ಅಳಿಯನೋ ಫೋನ್ ಮಾಡಿ, ಊರಿನ ಪೇಪರಲ್ಲಿ ಬಂತಾ ಎಂದು ವಿಚಾರಿಸುತ್ತಾನೆ. ಇಷ್ಟಾದ ಮೇಲೆ ಸುದ್ದಿಯ ಮೇಲೆ ಯಾರಿಗೂ ಸಂಶಯ ಉಳಿಯುವುದಿಲ್ಲ. ಮೂರು ಭಾಷೆಯಲ್ಲಿ ಬಂದಿದೆ, ಐದು ಕಡೆ ಬಂದಿದೆ, ಇನ್ನೇನು ಬೇಕು?

ಬೇಕಾದ್ದು ಇನ್ನೊಂದು ಲೆಕ್ಕ. ಐದು ಕಡೆ ಬಂದದ್ದು ಸರಿ, ಮೊದಲು ಹೇಳಿದವರು ಎಷ್ಟು ಜನ? ಕಂಪನಿ ಮಾರಾಟ, ವಿಲೀನ, ಪಾಲು ಖರೀದಿ, ಬಂಡವಾಳ ಹೂಡಿಕೆ ಇಂಥ ಸುದ್ದಿಗಳಲ್ಲಿ ಈ ಲೆಕ್ಕ ಎಷ್ಟೋ ಸಲ ಒಂದಕ್ಕೇ ನಿಲ್ಲುತ್ತದೆ. ನೀರಿಗಾಗಿ ಗುಡ್ಡ ಕೊರೆದು ಮಾಡುವ ನಮ್ಮ ಬದಿಯ ಸುರಂಗದ ಹಾಗೆ ಇದು. ಗುಡ್ಡದ ಒಳಗೆ ಇರುವುದು ಒಂದೇ ಒರತೆ. ಹೊರಗೆ ಪೈಪು ಎಷ್ಟು ಬೇಕಾದರೂ ಹಾಕಬಹುದು.

ಇದು ಪತ್ರಕರ್ತರ ಮನೆಯ ವಿಚಾರ, ನಮಗೇನು ಎಂದು ಕೇಳಬಹುದು. ಈಗ ಷೇರು ಎನ್ನುವುದು ಮುಂಬೈಯವರ ವ್ಯವಹಾರವಾಗಿ ಉಳಿದಿಲ್ಲ. ಬದಿಯಡ್ಕದಲ್ಲಿ ಕೂತು ಫೋನಿನಲ್ಲೇ ಷೇರು ಕೊಳ್ಳುವವರಿದ್ದಾರೆ. ಗಲ್ಫಿನ ಉಳಿತಾಯ ಮ್ಯೂಚುವಲ್ ಫಂಡಿಗೆ ಹೋಗುತ್ತದೆ. "ಅದನ್ನು ಇವರು ತಗೊಳ್ತಾರಂತೆ, ನಾಳೆ ಏರ್ತದೆ" ಎಂಬ ಒಂದು ಮೆಸೇಜು ಸಾಕು, ಅಡಿಕೆ ಮಾರಿದ ದುಡ್ಡು ಹೊರಡಲು.

ವ್ಯವಹಾರದ ಸುದ್ದಿ ಬೇರೆ ಸುದ್ದಿಯ ಹಾಗಲ್ಲ. ರಸ್ತೆಯಲ್ಲಿ ಲಾರಿ ಮಗುಚಿದರೆ ನೋಡಿದವರು ಇಪ್ಪತ್ತು ಜನ ಇರುತ್ತಾರೆ. ಎರಡು ಕಂಪನಿ ಕೂಡುವ ವಿಷಯ ತಿಳಿದಿರುವುದು ಬೆರಳೆಣಿಕೆಯ ಜನರಿಗೆ: ಮಾಲೀಕರು, ಕೆಲವು ನಿರ್ದೇಶಕರು, ಎರಡೂ ಕಡೆಯ ವಕೀಲರು, ಲೆಕ್ಕಿಗರು, ನಡುವೆ ಕೂತ ಬ್ಯಾಂಕರ್‌ಗಳು. ಇವರೆಲ್ಲ ಗುಟ್ಟು ಬಿಡುವುದಿಲ್ಲ ಎಂದು ಬರೆದುಕೊಟ್ಟಿರುತ್ತಾರೆ. ಲಿಸ್ಟೆಡ್, ಅಂದರೆ ಷೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿಯಾದರೆ, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ (ಒಳಗಿನ ಗುಟ್ಟು ಹಿಡಿದು ಷೇರು ವ್ಯವಹಾರ) ನಿಯಮವೂ ಇದೆ. ವಿಲೀನ, ಖರೀದಿಯಂಥ ವಿಷಯವನ್ನು ಅದು ಪ್ರಕಟವಾಗುವ ಮೊದಲು ಕಾರಣವಿಲ್ಲದೆ ಹೊರಗಿನವರಿಗೆ ಹೇಳುವ ಹಾಗಿಲ್ಲ. ಹಾಗಿದ್ದರೂ ಒಬ್ಬ ವರದಿಗಾರನ ಕಿವಿಗೆ ಯಾರೋ ಹೇಳಿದ್ದಾರೆ ಎಂದರೆ ಹೇಳಿದವನಿಗೆ ಅದರಿಂದ ಏನೋ ಆಗಬೇಕಾಗಿದೆ. ಮಾರುವವನಿಗೆ ಇನ್ನೊಬ್ಬ ಗಿರಾಕಿ ಬರಬೇಕು. ಕೊಳ್ಳುವವನಿಗೆ ಎದುರಿನವರ ಮೇಲೆ ಒತ್ತಡ ಹಾಕಬೇಕು. ನಿರ್ದೇಶಕರ ಬೋರ್ಡಿನಲ್ಲಿ ಮನಸ್ಸಿಲ್ಲದ ಒಬ್ಬನಿಗೆ ಮಾತುಕತೆ ಮುರಿಯಬೇಕು. ಹೇಳಿದ್ದು ಸುಳ್ಳೆಂದು ಇದರ ಅರ್ಥವಲ್ಲ. ಆದರೆ ಕತೆಯ ಯಾವ ತುಂಡನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದವನು ಅವನು.

ಆಮೇಲಿನದ್ದು ನಮಗೆ ಕಾಣುವ ಭಾಗ. ಮಂಗಳೂರಿನ ಪತ್ರಿಕೆಗಾಗಲಿ ಕಣ್ಣೂರಿನ ಪತ್ರಿಕೆಗಾಗಲಿ ಮುಂಬೈಯ ಇಂಥ ಮಾತುಕತೆ ಹುಡುಕಲು ಬೇರೆ ವರದಿಗಾರನನ್ನು ಇಡಲು ಆಗುವುದಿಲ್ಲ. ಪಿಟಿಐ, ರಾಯಿಟರ್ಸ್, ಬ್ಲೂಮ್‌ಬರ್ಗ್ ಹೇಳಿದ್ದನ್ನೇ ಅವರು ತಮ್ಮ ಭಾಷೆಯಲ್ಲಿ ಬರೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಸುದ್ದಿಸಂಸ್ಥೆ ಇರುವುದೇ ಅದಕ್ಕೆ. ತೊಂದರೆ ಶುರುವಾಗುವುದು ಮೂರನೇ ಕೈಯಲ್ಲಿ. ಮೊದಲ ವರದಿ, "ವಿಷಯ ಬಲ್ಲ ಒಬ್ಬರು ಹೆಸರು ಹೇಳಬಾರದೆಂಬ ಷರತ್ತಿನ ಮೇಲೆ ತಿಳಿಸಿದರು" ಎನ್ನುತ್ತದೆ. ಎರಡನೆಯದು, "ಇಂಥ ಸಂಸ್ಥೆ ವರದಿ ಮಾಡಿದೆ" ಎನ್ನುತ್ತದೆ. ಮೂರನೆಯದು, "ವರದಿಗಳ ಪ್ರಕಾರ". ನಾಲ್ಕನೆಯದರಲ್ಲಿ ಹೇಳಿದವರೇ ಇಲ್ಲ, "ಖರೀದಿಸಲಿದೆ" ಎಂದು ನೇರ ತಲೆಬರಹ. ಒಬ್ಬ ವ್ಯಕ್ತಿ ಒಂದು ವರದಿಯಾದ, ಒಂದು ವರದಿ ಬಹುವಚನವಾಯಿತು, ಬಹುವಚನ ಸತ್ಯವಾಯಿತು. ಇದಕ್ಕೆ ಕೆಲವೇ ಗಂಟೆ ಸಾಕು. ಯಾರೂ ಸುಳ್ಳು ಹೇಳಿಲ್ಲ ನೋಡಿ, ಒಬ್ಬೊಬ್ಬರು ಒಂದೊಂದು ಪದ ಬಿಟ್ಟರು, ಅಷ್ಟೇ.

ಅಂಕಿಯನ್ನು ಹಿಡಿದು ನೋಡುವುದು

ಎರಡು ಮೂರು ಭಾಷೆ ಓದುವ ನಮಗೆ ಮೋಸ ಹೋಗುವ ದಾರಿಯೂ ಜಾಸ್ತಿ, ಹಿಡಿಯುವ ದಾರಿಯೂ ಜಾಸ್ತಿ. ಸುಮ್ನೆ ಒಂದು ಉದಾಹರಣೆ ಮಾಡಿಕೊಳ್ಳೋಣ. ಒಂದು ಔಷಧ ಕಂಪನಿಯನ್ನು ವಿದೇಶಿ ಕಂಪನಿ ಕೊಳ್ಳುತ್ತದೆ ಎಂದು ಸುದ್ದಿ. ಕನ್ನಡ ಪತ್ರಿಕೆಯಲ್ಲಿ 4,150 ಕೋಟಿ ರೂಪಾಯಿ. ಮಲಯಾಳದಲ್ಲಿ 4,150 ಕೋಟಿ. ಒಂದು ವೆಬ್‌ಸೈಟಿನಲ್ಲಿ ಸುಮಾರು 4,200 ಕೋಟಿ. ಇಂಗ್ಲಿಷ್ ವರದಿಯಲ್ಲಿ 50 ಕೋಟಿ ಡಾಲರ್.

ಮೊದಲ ನೋಟಕ್ಕೆ ಎರಡು ಪತ್ರಿಕೆಗೆ ಒಂದೇ ಬೆಲೆ ಸಿಕ್ಕಿದೆ, ಮೂರನೆಯವರಿಗೆ ಸ್ವಲ್ಪ ಬೇರೆ ಬೆಲೆ ಸಿಕ್ಕಿದೆ, ಅಂದರೆ ಮೂವರೂ ಬೇರೆ ಬೇರೆ ವಿಚಾರಿಸಿದ್ದಾರೆ ಎಂದು ಕಾಣುತ್ತದೆ. ಲೆಕ್ಕ ಹಾಕಿ ನೋಡಿ. 50 ಕೋಟಿ ಡಾಲರನ್ನು ಡಾಲರಿಗೆ 83 ರೂಪಾಯಿಯಂತೆ ಗುಣಿಸಿದರೆ ಸರಿಯಾಗಿ 4,150 ಕೋಟಿ. 84ರಂತೆ ಗುಣಿಸಿದರೆ 4,200. ಮೂರು ಅಂಕಿಯೂ ಒಂದೇ ಡಾಲರಿನ ಅಂಕಿಯ ಮಕ್ಕಳು. ಮಾತುಕತೆಗೆ ಕೂತವರು ಬೆಲೆಯನ್ನು ದುಂಡಗಿನ ಅಂಕಿಯಲ್ಲಿ ಆಡುತ್ತಾರೆ. ರೂಪಾಯಿಯ ಅಂಕಿ ವಕ್ರವಾಗಿದ್ದು, ಡಾಲರಿಗೆ ತಿರುಗಿಸಿದರೆ ದುಂಡಗಾದರೆ, ಇಲ್ಲಿಯ ಪತ್ರಿಕೆ ಯಾರನ್ನೂ ಕೇಳಿಲ್ಲ, ಡಾಲರಿನಲ್ಲಿ ಬರೆದವರನ್ನು ಓದಿದೆ ಎಂದೇ ಇಟ್ಟುಕೊಳ್ಳಬಹುದು.

ಶೇಕಡಾ ಲೆಕ್ಕದಲ್ಲೂ ಇಂಥದ್ದೇ ಒಂದು ಮಾಯೆ ಇದೆ. ಒಂದು ವರದಿ, "ಶೇ. 30 ಪಾಲು ಕೊಳ್ಳುತ್ತಾರೆ" ಎಂದು ಬರೆಯಿತು. ಇನ್ನೊಂದು, "ಅದರ ಜೊತೆಗೆ ಇನ್ನೂ ಶೇ. 26 ಷೇರಿಗೆ ಸಾರ್ವಜನಿಕರ ಮುಂದೆ ಓಪನ್ ಆಫರ್ ಇಡುತ್ತಾರೆ" ಎಂದು ಸೇರಿಸಿತು. ನಿಮ್ಮ ಷೇರು ನಮಗೆ ಮಾರಿ ಎಂದು ಉಳಿದ ಷೇರುದಾರರನ್ನು ಬಹಿರಂಗವಾಗಿ ಕೇಳುವುದೇ ಓಪನ್ ಆಫರ್. ಎರಡನೆಯವರಿಗೆ ಒಳಗಿನ ಸುದ್ದಿ ಜಾಸ್ತಿ ಸಿಕ್ಕಿದ ಹಾಗೆ ಕಾಣುತ್ತದೆ ಅಲ್ವಾ? ಇಲ್ಲ. ಲಿಸ್ಟೆಡ್ ಕಂಪನಿಯಲ್ಲಿ ಶೇ. 25 ಮುಟ್ಟಿದರೆ ಇನ್ನೂ ಶೇ. 26ಕ್ಕೆ ಓಪನ್ ಆಫರ್ ಕೊಡಬೇಕು ಎನ್ನುವುದು ಸೆಬಿಯ ನಿಯಮ. ಅದನ್ನು ಕಚೇರಿಯಲ್ಲೇ ಕೂತು ಯಾರು ಬೇಕಾದರೂ ಬರೆಯಬಹುದು.

ಮರುದಿನದ ವರದಿ ಇನ್ನಷ್ಟು ದಪ್ಪ ಇರುತ್ತದೆ. ಕಂಪನಿಯ ಇತಿಹಾಸ, ಹಿಂದಿನ ವರ್ಷದ ಲಾಭ, ಇಬ್ಬರು ವಿಶ್ಲೇಷಕರ ಮಾತು, ಷೇರು ಎಷ್ಟು ಏರಿತು ಎಂಬ ಪಟ್ಟಿ. ದಪ್ಪ ಆದದ್ದೆಲ್ಲ ಗಟ್ಟಿ ಆದದ್ದಲ್ಲ. ಆ ವಿಶ್ಲೇಷಕರು ಮಾತಾಡುತ್ತಿರುವುದು ನಿನ್ನೆಯ ಸುದ್ದಿ ಓದಿ. ಷೇರು ಏರಿದ್ದೂ ನಿನ್ನೆಯ ಸುದ್ದಿ ಓದಿಯೇ. ಆದರೂ ಷೇರು ಏರಿದ್ದನ್ನು ಸುದ್ದಿ ನಿಜ ಎನ್ನುವುದಕ್ಕೆ ಸಾಕ್ಷಿಯಾಗಿ ಓದುವವರೇ ಜಾಸ್ತಿ. ಟಿವಿಯವರಂತೂ ಹಾಗೆಯೇ ತೋರಿಸುತ್ತಾರೆ, "ಮಾರುಕಟ್ಟೆಗೆ ಗೊತ್ತಾಗಿದೆ" ಎಂದು. ಮಾರುಕಟ್ಟೆಗೆ ಗೊತ್ತಾದದ್ದು ನಿನ್ನೆಯ ಪತ್ರಿಕೆಯಿಂದ.

ಹಾಗಾದರೆ ಎರಡನೇ ಮೂಲ ನಿಜವಾಗಿ ಇದ್ದರೆ ಹೇಗಿರುತ್ತದೆ? ಮೊದಲನೆಯದರಲ್ಲಿ ಇಲ್ಲದ, ಬೇರೆ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಕಾಣುವ ಒಂದು ಸಂಗತಿ ಅದರಲ್ಲಿ ಇರುತ್ತದೆ. ಬೆಲೆಯ ಬಗ್ಗೆ ಮೊದಲನೆಯವರು ಬರೆದಿದ್ದರೆ, ಸಾಲ ಕೊಡುವ ಬ್ಯಾಂಕು ಇನ್ನೂ ಒಪ್ಪಿಲ್ಲ ಎಂದು ಎರಡನೆಯವರು ಬರೆಯುತ್ತಾರೆ. ಅಥವಾ ಕಾರ್ಮಿಕ ಸಂಘಕ್ಕೆ ಏನು ಹೇಳಿದ್ದಾರೆ ಎಂದು ಬರೆಯುತ್ತಾರೆ. ಕೆಲವೊಮ್ಮೆ ಎರಡು ವರದಿ ಒಂದಕ್ಕೊಂದು ಕೂಡಿಬರುವುದೇ ಇಲ್ಲ. ಒಬ್ಬರು ಶೇ. 51 ಎಂದರೆ ಇನ್ನೊಬ್ಬರು ಶೇ. 40 ಎನ್ನುತ್ತಾರೆ. ಓದುವವರಿಗೆ ಕಿರಿಕಿರಿ, ಆದರೆ ಇದು ಒಳ್ಳೆಯ ಲಕ್ಷಣ. ಇಬ್ಬರೂ ಬೇರೆ ಬೇರೆಯವರನ್ನು ಕೇಳಿದ್ದಾರೆ ಎಂದು ಇದರಿಂದಲೇ ತಿಳಿಯುತ್ತದೆ. ಕಾಮಾ ಕೂಡ ಬಿಡದೆ ಒಂದೇ ಥರ ಇರುವ ಆರು ವರದಿಗಿಂತ ಜಗಳಾಡುವ ಎರಡು ವರದಿ ಮೇಲು.

ಇನ್ನೊಂದು ಮಾತು. "ಇಬ್ಬರು ತಿಳಿಸಿದ್ದಾರೆ" ಎಂದಿದ್ದರೆ ಎರಡು ಮೂಲ ಆಯಿತೇ? ಇಬ್ಬರೂ ಮಾರುವವರ ಕಡೆಯವರಾದರೆ ಆಗಲಿಲ್ಲ. ಮಾಲೀಕನೂ ಅವನ ವಕೀಲನೂ ಸೇರಿ ಒಂದೇ ಬಾಯಿ.

ಒಂದೇ ಜೋಡಿಯ ಎರಡು ಸುದ್ದಿ

ಜೀ ಮತ್ತು ಸೋನಿ ಟಿವಿ ಕಂಪನಿಗಳ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಬಹುದು. ಸಂಜೆಯಾದರೆ ಜೀ ಕನ್ನಡದ ಧಾರಾವಾಹಿ ಓಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ, ಹಾಗಾಗಿ ಈ ಸುದ್ದಿ ಇಲ್ಲಿಯೂ ಓಡಿತು. 2021ರ ಸೆಪ್ಟೆಂಬರಿನಲ್ಲಿ ಇಬ್ಬರೂ ಕೂಡುತ್ತೇವೆ ಎಂದು ಪ್ರಕಟಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಷರತ್ತು ಹಾಕಿ ಒಪ್ಪಿತು. 2023ರ ಆಗಸ್ಟಿನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯೂ ಒಪ್ಪಿತು. ಎರಡೂ ಸೇರಿದರೆ 10 ಬಿಲಿಯನ್ ಡಾಲರಿನ ಕಂಪನಿ ಎಂದು ಎಲ್ಲೆಡೆ ಬರೆದರು. ಕನ್ನಡದಲ್ಲಿ ಅದು 83 ಸಾವಿರ ಕೋಟಿ ರೂಪಾಯಿ ಆಯಿತು. ಹೇಗೆ ಆಯಿತು ಎಂದು ಈಗ ಗೊತ್ತಲ್ಲ.

ಗಡುವು ಹತ್ತಿರ ಬಂದರೂ ಹೊಸ ಕಂಪನಿಯ ಮುಖ್ಯಸ್ಥ ಯಾರಾಗಬೇಕು ಎಂಬ ಜಗಳ ಮುಗಿಯಲಿಲ್ಲ. 2024ರ ಜನವರಿ ಎರಡನೇ ವಾರದಲ್ಲಿ ಬ್ಲೂಮ್‌ಬರ್ಗ್ ಒಂದು ವರದಿ ಮಾಡಿತು. ಸೋನಿ ಈ ವಿಲೀನವನ್ನು ಕೈಬಿಡಲು ಯೋಚಿಸುತ್ತಿದೆ ಎಂದು ವಿಷಯ ಬಲ್ಲವರು ಹೇಳಿದ್ದಾರೆ ಎಂಬುದು ಅದರ ಸಾರ. ಮರುದಿನ ಎಲ್ಲ ಭಾಷೆಯಲ್ಲೂ ಅದೇ ಸುದ್ದಿ. ಜೀ ಷೇರು ಜೋರಾಗಿ ಬಿತ್ತು. ಈ ವರದಿಗೆ ಆಧಾರ ಇಲ್ಲ, ಇದು ತಪ್ಪು, ವಿಲೀನಕ್ಕೆ ನಾವು ಬದ್ಧರಾಗಿದ್ದೇವೆ ಎಂದು ಜೀ ಷೇರುಪೇಟೆಗೆ ಬರೆದುಕೊಟ್ಟಿತು. ಒಂದು ಕಡೆ ಹೆಸರಿಲ್ಲದವರ ಮಾತು, ಇನ್ನೊಂದು ಕಡೆ ಕಂಪನಿಯೇ ಸಹಿ ಹಾಕಿದ ಕಾಗದ. ಓದುಗ ಯಾವುದನ್ನು ನಂಬಬೇಕು?

ಅದೇ ತಿಂಗಳ 22ಕ್ಕೆ ಸೋನಿ ಒಪ್ಪಂದ ಮುರಿಯುವ ನೋಟಿಸ್ ಕಳಿಸಿತು. ಮರುದಿನದ ವಹಿವಾಟಿನಲ್ಲಿ ಜೀ ಷೇರು ಶೇ. 30ರಷ್ಟು ಇಳಿಯಿತು. ಹೆಸರಿಲ್ಲದವರ ಮಾತೇ ನಿಜವಾಯಿತು.

ಫೆಬ್ರವರಿಯಲ್ಲಿ ಇನ್ನೊಂದು ಪತ್ರಿಕೆ ಇದೇ ಜೋಡಿ ಮತ್ತೆ ಮಾತಿಗೆ ಕೂತಿದೆ ಎಂದು ಬರೆಯಿತು. ಮತ್ತೆ ಎಲ್ಲೆಡೆ ಸುದ್ದಿ. ಈ ಸಲ ಷೇರು ಏರಿತು. ನಾವು ಅಂಥ ಯಾವ ಮಾತುಕತೆಯಲ್ಲೂ ಇಲ್ಲ ಎಂದು ಜೀ ಮತ್ತೆ ಕಾಗದ ಕೊಟ್ಟಿತು. ವಿಲೀನ ಬದುಕಿ ಬರಲೂ ಇಲ್ಲ. ಆಗಸ್ಟಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಹೂಡಿದ್ದ ದಾವೆಗಳನ್ನು ಹಿಂದೆ ತೆಗೆದುಕೊಂಡು ದೂರವಾದರು.

ಎರಡು ಸಲವೂ ಸುದ್ದಿ ಹುಟ್ಟಿದ್ದು ಒಂದೊಂದೇ ವರದಿಯಿಂದ. ಎರಡು ಸಲವೂ ನಿರಾಕರಿಸಿದ್ದು ಜೀ. ಒಂದು ಸಲ ನಿರಾಕರಣೆ ನಿಲ್ಲಲಿಲ್ಲ, ಇನ್ನೊಂದು ಸಲ ನಿಂತಿತು. ಇದು ಅದೃಷ್ಟದ ಮಾತಲ್ಲ ಎಂದು ನನ್ನ ಅನಿಸಿಕೆ. ಜನವರಿಯ ವರದಿ ಇದ್ದದ್ದು ಸೋನಿಯ ಮನಸ್ಸಿನ ಬಗ್ಗೆ. ಸೋನಿ ಏನು ಯೋಚಿಸುತ್ತಿದೆ ಎಂದು ಜೀಗೆ ಹೇಗೆ ಗೊತ್ತಾಗಬೇಕು? ಜೀ ಹೇಳಬಹುದಾಗಿದ್ದದ್ದು ತನ್ನ ಮನಸ್ಸನ್ನು ಮಾತ್ರ. ಹಾಗಾಗಿ ಆ ಕಾಗದ ಎಷ್ಟೇ ಖಾರವಾಗಿದ್ದರೂ ವರದಿಯ ನಿಜವಾದ ವಿಷಯವನ್ನು ಮುಟ್ಟಲಿಲ್ಲ. ಫೆಬ್ರವರಿಯದ್ದು ಮಾತುಕತೆಯ ಸುದ್ದಿ. ಮಾತುಕತೆಗೆ ಇಬ್ಬರು ಬೇಕು. ಅವರಲ್ಲಿ ಒಬ್ಬರೇ ನಾವು ಕೂತಿಲ್ಲ ಎಂದರೆ, ಅದು ಗೊತ್ತಿರುವವರ ಬಾಯಿಯ ಮಾತು. ಮೂಲ ಎಷ್ಟು ಎಂದು ಎಣಿಸುವುದರ ಜೊತೆಗೆ, ಹೇಳಿದವನಿಗೆ ಅದು ಗೊತ್ತಿರಲು ಸಾಧ್ಯವೇ ಎಂದೂ ಕೇಳಬೇಕಾಗುತ್ತದೆ.

ಏರ್ ಇಂಡಿಯಾ ಮಾರಾಟದಲ್ಲಿ ಆದದ್ದೂ ಇದಕ್ಕೆ ಹತ್ತಿರದ್ದೇ. ಮಂಗಳೂರು, ಕಣ್ಣೂರಿನಿಂದ ಗಲ್ಫಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹತ್ತುವ ನಮ್ಮವರೆಲ್ಲ ಆ ಸುದ್ದಿಗೆ ಕಿವಿ ಕೊಟ್ಟವರೇ. 2021ರ ಅಕ್ಟೋಬರ್ 1ರಂದು ಟಾಟಾ ಗೆದ್ದಿದೆ ಎಂದು ಬ್ಲೂಮ್‌ಬರ್ಗ್ ಬರೆಯಿತು. ಅದೇ ದಿನ ಕೇಂದ್ರದ ಹೂಡಿಕೆ ಹಿಂತೆಗೆತ ಇಲಾಖೆಯ ಕಾರ್ಯದರ್ಶಿ ಟ್ವೀಟ್ ಮಾಡಿದರು. ಸರ್ಕಾರ ಹಣಕಾಸು ಬಿಡ್‌ಗಳಿಗೆ ಒಪ್ಪಿಗೆ ಕೊಟ್ಟಿದೆ ಎಂಬ ವರದಿ ಸರಿಯಲ್ಲ, ತೀರ್ಮಾನ ಆದಾಗ ತಿಳಿಸುತ್ತೇವೆ ಎಂದರು. ಸುದ್ದಿ ಸುಳ್ಳಾಯಿತು ಎಂದು ಎಷ್ಟೋ ಕಡೆ ತಲೆಬರಹ ಬಂತು. ಟ್ವೀಟನ್ನು ಇನ್ನೊಮ್ಮೆ ಓದಿ. ಟಾಟಾ ಗೆದ್ದಿಲ್ಲ ಎಂದು ಅದರಲ್ಲಿ ಎಲ್ಲೂ ಇಲ್ಲ. ಒಪ್ಪಿಗೆ ಇನ್ನೂ ಬಿದ್ದಿಲ್ಲ ಎಂದಷ್ಟೇ ಇದೆ. ಒಂದು ವಾರ ಕಳೆದು, ಅಕ್ಟೋಬರ್ 8ರಂದು, 18,000 ಕೋಟಿ ರೂಪಾಯಿಯ ಬಿಡ್‌ನೊಂದಿಗೆ ಟಾಟಾ ಗೆದ್ದದ್ದನ್ನು ಅದೇ ಇಲಾಖೆ ಪ್ರಕಟಿಸಿತು. ಅಧಿಕಾರಿಗಳು ನಿರಾಕರಿಸುವಾಗ ಅಳೆದು ತೂಗಿ ಬರೆಯುತ್ತಾರೆ. ಅವರು ಯಾವುದನ್ನು ನಿರಾಕರಿಸಲಿಲ್ಲ ಎನ್ನುವುದರಲ್ಲೂ ಸುದ್ದಿ ಇರುತ್ತದೆ.

ಹಾಗಾಗಿ ಒಂದೇ ಮೂಲ ಎಂದ ಕೂಡಲೇ ಸುಳ್ಳು ಎಂದು ಎತ್ತಿ ಬಿಸಾಡುವುದೂ ಬೇಡ. ದೊಡ್ಡ ಸುದ್ದಿಗಳು ಹೊರಗೆ ಬರುವುದೇ ಹೀಗೆ, ಒಬ್ಬರ ಬಾಯಿಂದ. ಸುಳ್ಳು ಎನ್ನುವುದು ಬೇರೆ, ಇನ್ನೂ ಗಟ್ಟಿಯಾಗಿಲ್ಲ ಎನ್ನುವುದು ಬೇರೆ.

ಪೂರಾ ಸುಳ್ಳೂ ಆಗುತ್ತದೆ, ಅದನ್ನೂ ಹೇಳಬೇಕು. 2013ರ ಜನವರಿ 7ರಂದು ಆಸ್ಟ್ರೇಲಿಯಾದಲ್ಲಿ ಎಎನ್‌ಝಡ್ ಬ್ಯಾಂಕಿನ ಹೆಸರಲ್ಲಿ ಒಂದು ಪತ್ರಿಕಾ ಪ್ರಕಟಣೆ ಬಂತು. ವೈಟ್‌ಹೇವನ್ ಎಂಬ ಕಲ್ಲಿದ್ದಲು ಕಂಪನಿಗೆ ಕೊಡಬೇಕಾಗಿದ್ದ 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲವನ್ನು ಬ್ಯಾಂಕು ಕೈಬಿಟ್ಟಿದೆ ಎಂದು ಅದರಲ್ಲಿತ್ತು. ಬ್ಯಾಂಕಿನ ಲಾಂಛನ ಇತ್ತು, ಫೋನ್ ನಂಬರೂ ಇತ್ತು. ಸುದ್ದಿ ಹೊರಬಿತ್ತು, ಷೇರು ಬಿತ್ತು, ಸ್ವಲ್ಪ ಹೊತ್ತಿನಲ್ಲಿ ಕಂಪನಿಯ ಬೆಲೆಯಲ್ಲಿ 30 ಕೋಟಿ ಡಾಲರಿಗಿಂತ ಜಾಸ್ತಿ ಕರಗಿತು. ಪ್ರಕಟಣೆ ಬರೆದವನು ಕಾಡಿನಲ್ಲಿ ಗಣಿ ವಿರುದ್ಧ ಬಿಡಾರ ಹೂಡಿದ್ದ ಒಬ್ಬ ಹೋರಾಟಗಾರ. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಅವನೇ ಎತ್ತುತ್ತಿದ್ದ. ಕಾಗದ ಒಂದು, ಫೋನಿನ ಮಾತು ಒಂದು, ಹೀಗೆ ಎರಡು ಮೂಲ ಆಯಿತು ಎಂದು ಯಾರಾದರೂ ಲೆಕ್ಕ ಹಾಕಿದ್ದರೆ ಎರಡೂ ಅವನೊಬ್ಬನೇ. ಬ್ಯಾಂಕಿನ ನಂಬರನ್ನು ಬೇರೆ ಕಡೆಯಿಂದ ಹುಡುಕಿ ಕೇಳಿದ್ದರೆ ಐದು ನಿಮಿಷದ ಕೆಲಸ. ವಾಟ್ಸಾಪ್ ಮೆಸೇಜಿನ ಕೊನೆಯಲ್ಲಿ "ಸಂಶಯ ಇದ್ದರೆ ಈ ನಂಬರಿಗೆ ಕೇಳಿ" ಎಂದಿರುವುದನ್ನು ನಾವೂ ನೋಡಿದ್ದೇವೆ.

ತೀರ್ಮಾನ ಮಾಡುವವರೇ ಹೇಳಿದರೆ

ಕೆಲವು ಸುದ್ದಿಗೆ ಒಂದು ಮೂಲ ಸಾಕು. 2019ರ ಆಗಸ್ಟ್ 30ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪತ್ರಿಕಾಗೋಷ್ಠಿ ಕರೆದು ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕಕ್ಕೆ ಇಳಿಸುವುದಾಗಿ ಹೇಳಿದರು. ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಅದಕ್ಕೂ ಮೊದಲೇ, ಅದೇ ವರ್ಷದ ಏಪ್ರಿಲ್ 1ಕ್ಕೆ, ವಿಜಯಾ ಬ್ಯಾಂಕು ಬರೋಡಾದ ಪಾಲಾಗಿತ್ತು. ಕರಾವಳಿಯ ಮೂರು ಹೆಸರು ಹೋದವು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಈ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರು, ಪಾಸ್‌ಬುಕ್ ಇಟ್ಟವರು ಎಷ್ಟೋ ಮನೆಯಲ್ಲಿ ಇದ್ದಾರೆ. ಆ ದಿನ ನೂರು ಪತ್ರಿಕೆಗೂ ಮೂಲ ಒಂದೇ, ಆ ಪತ್ರಿಕಾಗೋಷ್ಠಿ. ಆದರೆ ಹೇಳಿದವರೇ ತೀರ್ಮಾನ ಮಾಡುವ ಜಾಗದಲ್ಲಿದ್ದವರು. ಎರಡನೆಯವರನ್ನು ಹುಡುಕುವ ಅಗತ್ಯ ಇರಲಿಲ್ಲ.

ಅಡಿಕೆಯ ಸುದ್ದಿಯೂ ಇದೇ ಜಾತಿಯದ್ದು. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ 17,000 ಟನ್ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು ಕೇಂದ್ರ ಒಪ್ಪಿತು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ ಚಿಕ್ಕದು, ಯಾರು ಬೇಕಾದರೂ ಓದಬಹುದು. ಅದರಲ್ಲಿ ಇದ್ದದ್ದು ಹಸಿ ಅಡಿಕೆ. ಬಾಯಿಂದ ಬಾಯಿಗೆ ಹೋಗುವಾಗ ಇಂಥ ಒಂದು ಪದ ಬಿದ್ದುಹೋಗುವುದು ಸುಲಭ. ಹಸಿ ಅಡಿಕೆ ಒಣಗಿ ಸುಲಿದರೆ ಎಷ್ಟು ಉಳಿಯುತ್ತದೆ ಎಂದು ಪೆರ್ಲದ ಬೆಳೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ತೀರ್ಮಾನಿಸುವವರೇ ಹೇಳಿದರೂ ಎಲ್ಲವನ್ನೂ ನುಂಗಬೇಕೆಂದಿಲ್ಲ. 2025ರ ಫೆಬ್ರವರಿಯಲ್ಲಿ ನಮಗೆ ಎರಡು ಕಡೆಯಿಂದಲೂ ಹೂಡಿಕೆ ಸಮಾವೇಶದ ಸುದ್ದಿ ಬಂತು. ಬೆಂಗಳೂರಿನಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಮಾತು. ಅದೇ ತಿಂಗಳು ಕೊಚ್ಚಿಯಲ್ಲಿ 1.5 ಲಕ್ಷ ಕೋಟಿಗಿಂತ ಜಾಸ್ತಿ. ಕನ್ನಡ ಪತ್ರಿಕೆಯಲ್ಲಿ ಮೊದಲನೆಯದು, ಮಲಯಾಳದಲ್ಲಿ ಎರಡನೆಯದು, ಎರಡೂ ದಪ್ಪ ಅಕ್ಷರದಲ್ಲಿ. ಈ ಒಟ್ಟು ಮೊತ್ತವನ್ನು ಕೂಡಿಸಿ ಕೊಡುವುದು ಆಯಾ ಸರ್ಕಾರ. ಸಮಾವೇಶ ಚೆನ್ನಾಗಿ ಆಯಿತು ಎಂದು ತೋರಿಸಬೇಕಾದವರೂ ಅವರೇ. ಅದರಲ್ಲಿ ಕೆಲವು ಗಟ್ಟಿ ಒಪ್ಪಂದ, ಕೆಲವು ತಿಳಿವಳಿಕೆ ಪತ್ರ, ಕೆಲವು ಬರೀ ಆಸಕ್ತಿ. ಸಮಾವೇಶ ನಡೆದದ್ದಕ್ಕೆ, ಕಾಗದಕ್ಕೆ ಸಹಿ ಬಿದ್ದದ್ದಕ್ಕೆ ಸರ್ಕಾರದ ಮಾತು ಸಾಕು. ಹಣ ಬರುತ್ತದೆ ಎನ್ನುವುದಕ್ಕೆ ಸಾಲದು. ಅದಕ್ಕೆ ಹಣ ಹಾಕುವ ಕಂಪನಿ ತನ್ನ ಬೋರ್ಡಿನ ಮುಂದೆ ಏನು ಇಟ್ಟಿದೆ ಎಂದು ನೋಡಬೇಕು.

ಅದನ್ನು ನೋಡಲು ಜಾಗ ಇದೆ. ಬಿಎಸ್‌ಇ, ಎನ್‌ಎಸ್‌ಇ ಎಂಬ ಎರಡು ಷೇರುಪೇಟೆಗಳ ವೆಬ್‌ಸೈಟುಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ಕೊಟ್ಟ ಪ್ರಕಟಣೆಗಳೆಲ್ಲ ದಿನಾಂಕ, ಗಂಟೆ, ನಿಮಿಷದ ಸಮೇತ ಸಿಗುತ್ತವೆ. ಕಾಸು ಖರ್ಚಿಲ್ಲ. ಬೋರ್ಡ್ ಸಭೆಯ ದೊಡ್ಡ ತೀರ್ಮಾನವನ್ನು ಸಭೆ ಮುಗಿದ 30 ನಿಮಿಷದಲ್ಲಿ, ಆ ದಿನದ ವಹಿವಾಟು ಮುಗಿದ ಮೇಲೆ ಸಭೆ ಮುಗಿದರೆ ಮೂರು ಗಂಟೆಯಲ್ಲಿ ತಿಳಿಸಬೇಕು. ಸುದ್ದಿ ಬಂದು ಷೇರು ಬೆಲೆ ಗಣನೀಯವಾಗಿ ಅಲುಗಿದರೆ ದೊಡ್ಡ ಕಂಪನಿಗಳು 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ನಿಜವಾದ ವಿಷಯ ಇಂತಿಷ್ಟು ಎಂದು ಹೇಳಲೇಬೇಕು ಎಂದೂ ಸೆಬಿ ನಿಯಮ ಮಾಡಿದೆ. ಮಾರುಕಟ್ಟೆ ಬೆಲೆಯಲ್ಲಿ ಮೊದಲ 100 ಕಂಪನಿಗಳಿಗೆ ಇದು 2024ರ ಜೂನ್ 1ರಿಂದ ಶುರುವಾಯಿತು, ಮೊದಲ 250ಕ್ಕೆ ಡಿಸೆಂಬರ್ 1ರಿಂದ. ಪತ್ರಿಕೆಯಲ್ಲಿ ಸುದ್ದಿ ಓದಿದ ಸಂಜೆಯೇ ಅಲ್ಲೊಮ್ಮೆ ಇಣುಕಿದರೆ ಅರ್ಧ ಸಂಶಯ ತೀರುತ್ತದೆ.

ಇದೆಲ್ಲ ಲಿಸ್ಟೆಡ್ ಕಂಪನಿಗಳ ಮಾತಾಯಿತು. ನಮ್ಮ ಜಿಲ್ಲೆಯಲ್ಲಿ ಬಾಯಿಂದ ಬಾಯಿಗೆ ಓಡುವ ವ್ಯವಹಾರದ ಸುದ್ದಿ ಅಂಥ ಕಂಪನಿಗಳದ್ದಲ್ಲ. ಆಸ್ಪತ್ರೆಯನ್ನು ಯಾರೋ ತಗೊಂಡರು, ಹೆದ್ದಾರಿ ಬದಿಯ ಜಾಗಕ್ಕೆ ಮಾಲ್ ಬರುತ್ತದೆ, ಗೇರುಬೀಜದ ಫ್ಯಾಕ್ಟರಿ ಕೈ ಬದಲಾಯಿತು ಎಂಬಂಥವು. ನಮ್ಮ ಜಿಲ್ಲೆಯ ಬೆದ್ರಡ್ಕದಲ್ಲಿರುವ ಸರ್ಕಾರಿ ಕಾರ್ಖಾನೆ ಕೆಲ್‌ನ ಸುದ್ದಿ ಇದಕ್ಕೆ ಹೊರತು. ಅಲ್ಲಿ ಮಾತಾಡುವವರು ಬೇಕಾದಷ್ಟು ಜನ ಇದ್ದರು. ರೈಲಿಗೆ ಆಲ್ಟರ್ನೇಟರ್ (ವಿದ್ಯುತ್ ಹುಟ್ಟಿಸುವ ಯಂತ್ರ) ಮಾಡುವ ಆ ಘಟಕದ ಶೇ. 51 ಪಾಲು 2011ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಬಿಎಚ್‌ಇಎಲ್‌ಗೆ ಹೋಯಿತು, ಉಳಿದ 49 ಕೇರಳ ಸರ್ಕಾರದ್ದು. 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ್ದು ತೆರೆಯಲೇ ಇಲ್ಲ. 2021ರಲ್ಲಿ ರಾಜ್ಯ ಆ ಪಾಲನ್ನು ವಾಪಸ್ ಪಡೆಯಿತು, 2022ರ ಏಪ್ರಿಲ್ 1ರಂದು ಕಾರ್ಖಾನೆ ಮತ್ತೆ ಶುರುವಾಯಿತು. ಆ ಎರಡು ವರ್ಷ ಸುದ್ದಿಗೆ ಬರವಿರಲಿಲ್ಲ. ಇಂಥ ಸುದ್ದಿ ಓದುವಾಗ ಯಾರಿಗೆ ಏನು ಗೊತ್ತಿರಲು ಸಾಧ್ಯ ಎಂದು ಬೇರೆ ಮಾಡಿಕೊಳ್ಳುವುದು ಸುಲಭ. ಸಂಬಳ ಬಾಕಿ ಎಷ್ಟು ತಿಂಗಳಿನದ್ದು ಎಂದು ಕಾರ್ಮಿಕ ಸಂಘಕ್ಕೆ ಗೊತ್ತು. ಪಾಲು ಬಿಟ್ಟುಕೊಡಲು ಕೇಂದ್ರ ಒಪ್ಪಿದೆಯೇ ಎಂದು ಸಂಘಕ್ಕೆ ಗೊತ್ತಿರುವುದಿಲ್ಲ. ಅದನ್ನು ದಿಲ್ಲಿ ಹೇಳಬೇಕು. ಯಂತ್ರಕ್ಕೆ ಹಣ ಇಟ್ಟಿದ್ದಾರೆಯೇ ಎಂದು ತಿರುವನಂತಪುರ ಹೇಳಬೇಕು. ಬಿಎಚ್‌ಇಎಲ್ ಲಿಸ್ಟೆಡ್ ಕಂಪನಿ, ಅದರ ಮಾತು ಷೇರುಪೇಟೆಯಲ್ಲಿ ಸಿಗುತ್ತದೆ.

ಖಾಸಗಿ ಆಸ್ಪತ್ರೆಗೋ ಫ್ಯಾಕ್ಟರಿಗೋ ಇಷ್ಟು ಬಾಯಿ ಇರುವುದಿಲ್ಲ. ಮಾಲೀಕರು ಮಾತಾಡುವುದಿಲ್ಲ, ಬ್ರೋಕರ್ ಮಾತಾಡುತ್ತಾನೆ. ಬ್ರೋಕರ್ ಹೇಳಿದ್ದೇ ಸಂಜೆ ಪತ್ರಿಕೆಗೆ, ಅಲ್ಲಿಂದ ಯೂಟ್ಯೂಬ್ ಚಾನೆಲಿಗೆ, ಅಲ್ಲಿಂದ ಗಲ್ಫಿನ ಗ್ರೂಪುಗಳಿಗೆ. ಅದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟಿನಲ್ಲಿ 100 ರೂಪಾಯಿ ಕಟ್ಟಿ ಅದರ ಕಾಗದಪತ್ರ ನೋಡಬಹುದು. ನಿರ್ದೇಶಕರು ಬದಲಾದರೆ 30 ದಿನದೊಳಗೆ ಅಲ್ಲಿ ತಿಳಿಸಬೇಕು. ಪಾಲುದಾರಿಕೆಯೋ ಟ್ರಸ್ಟೋ ಆಗಿದ್ದರೆ ಇಷ್ಟು ಸುಲಭ ಇಲ್ಲ. ಆಗ ಜಾಗದ ನೋಂದಣಿಯಲ್ಲಿ ಹೆಸರು ಬದಲಾಯಿತೇ, ಪಂಚಾಯತಿನ ಲೈಸೆನ್ಸು ಯಾರ ಹೆಸರಲ್ಲಿದೆ ಎಂದು ಕೇಳಬೇಕಾಗುತ್ತದೆ. ಏಪ್ರಿಲಿನಲ್ಲಿ ಮಾರಿ ಆಯಿತು ಎಂದು ನಾಲ್ಕು ಕಡೆ ಬಂದ ಕಂಪನಿಯ ನಿರ್ದೇಶಕರ ಪಟ್ಟಿಯಲ್ಲಿ ಓಣಂ ಹೊತ್ತಿಗೂ ಹಳೆಯ ಹೆಸರುಗಳೇ ಇದ್ದರೆ, ಆ ನಾಲ್ಕೂ ಕಡೆಯವರನ್ನು ಕೇಳಬಹುದು: ನಿಮಗೆ ಹೇಳಿದ್ದು ಯಾರು?